ಪೊರೆ ದಾಟಿಸುವ ಪ್ರೋಟೀನ್‌ಗಳ ವಿಂಗಡಣೆ ಮತ್ತು ವಿಕಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿಯಲ್ಲಿ ‘ಸಕ್ರಿಯ ಸಾಗಣೆ, ನಿಷ್ಕ್ರಿಯ ಸಾಗಣೆ’ ಎಂದು ನಾಲ್ಕು ಸಾಲು ಓದಿ ಮುಂದೆ ಹೋಗಿರುತ್ತೇವೆ. ಆಮೇಲೆ ಬಿಎಸ್‌ಸಿ, ಎಂಎಸ್‌ಸಿ, ಫಾರ್ಮಸಿ ಓದುವಾಗ ಎಂಎಫ್‌ಎಸ್, ಎಬಿಸಿ, ಎಸ್‌ಎಲ್‌ಸಿ ಅಂತ ಹೆಸರುಗಳು ಒಮ್ಮೆಗೇ ಎದುರಾಗುತ್ತವೆ. ಆಗ ಏಳುವ ಪ್ರಶ್ನೆಗಳು ಇಲ್ಲಿವೆ. ಮೊದಲಿಂದ ಓದಿದರೆ ಒಳ್ಳೆಯದು. ಬೇಕಾದ ಪ್ರಶ್ನೆಗೆ ನೇರ ಹೋದರೂ ತೊಂದರೆ ಇಲ್ಲ.

ಈ ಪ್ರೋಟೀನ್‌ಗಳು ಯಾಕೆ ಬೇಕು?

ಜೀವಕೋಶದ ಪೊರೆ ಹೆಚ್ಚಾಗಿ ಕೊಬ್ಬಿನಿಂದ ಆದದ್ದು. ದಪ್ಪ ಸುಮಾರು 5 ನ್ಯಾನೊಮೀಟರ್, ಅಷ್ಟೇ. ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್‌ನಂಥ ಅನಿಲಗಳು ಅದರೊಳಗೆ ಸಲೀಸಾಗಿ ನುಸುಳುತ್ತವೆ. ಸಕ್ಕರೆ, ಅಮೈನೊ ಆಮ್ಲ, ಸೋಡಿಯಂ, ಪೊಟ್ಯಾಸಿಯಂ ಇವೆಲ್ಲ ನೀರಿಗೆ ಒಗ್ಗಿದವು. ಕೊಬ್ಬಿನ ಪದರ ದಾಟುವುದು ಇವುಗಳ ಕೈಲಿ ಆಗದು. ಇವನ್ನು ಒಳಗೆ ತರಲು, ಹೊರಗೆ ಕಳಿಸಲು ಪೊರೆಯಲ್ಲೇ ಹುದುಗಿಕೊಂಡ ಪ್ರೋಟೀನ್‌ಗಳು ಬೇಕು. ನಮ್ಮ ಕರುಳಲ್ಲೇ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾ ತನ್ನ ಜೀನ್‌ಗಳಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗವನ್ನು ಈ ಕೆಲಸಕ್ಕೇ ಮೀಸಲಿಟ್ಟಿದೆ.

ಚಾನೆಲ್, ಕ್ಯಾರಿಯರ್, ಪಂಪ್. ಇವುಗಳ ವ್ಯತ್ಯಾಸ ಏನು?

ಚಾನೆಲ್ ತೆರೆದಾಗ ಪೊರೆಯ ಈ ಕಡೆಯಿಂದ ಆ ಕಡೆಗೆ ಒಂದೇ ನೇರ ದಾರಿ ಇರುತ್ತದೆ. ಹಾಗಾಗಿ ವೇಗ ಜಾಸ್ತಿ: ಸೆಕೆಂಡಿಗೆ ಕೋಟಿಗಟ್ಟಲೆ ಅಯಾನುಗಳು ಹಾಯಬಹುದು.

ಕ್ಯಾರಿಯರ್‌ನಲ್ಲಿ ಎರಡೂ ಬದಿ ಒಟ್ಟಿಗೆ ತೆರೆಯುವುದಿಲ್ಲ. ಹೊರಗೆ ತೆರೆದು ವಸ್ತುವನ್ನು ಹಿಡಿಯುತ್ತದೆ. ಆ ಬದಿ ಮುಚ್ಚುತ್ತದೆ. ಆಮೇಲೆ ಒಳಬದಿ ತೆರೆದು ಬಿಡುತ್ತದೆ. ಈ ‘ಸರದಿ ತೆರವು’ ಮಾದರಿಯನ್ನು ಒಲೆಗ್ ಯಾರ್ಡೆಟ್ಸ್ಕಿ 1966ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಪ್ರತಿ ಸಲ ಪ್ರೋಟೀನ್ ತನ್ನ ಆಕಾರ ಬದಲಿಸಬೇಕು. ಅದಕ್ಕೇ ವೇಗ ಚಾನೆಲ್‌ಗಿಂತ ಸಾವಿರಾರು ಪಟ್ಟು ಕಡಿಮೆ.

ಪಂಪ್ ಕೂಡ ಹೀಗೇ ಆಕಾರ ಬದಲಿಸುತ್ತದೆ. ಆದರೆ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವಿನಂಥ ಮೂಲದಿಂದ ನೇರವಾಗಿ ಶಕ್ತಿ ತೆಗೆದುಕೊಂಡು, ವಸ್ತುವನ್ನು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ನೂಕುತ್ತದೆ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಇದನ್ನು 1957ರಲ್ಲಿ ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಟಿಸಿ ಸಂಖ್ಯೆ ಅಂದ್ರೆ ಏನು? ಯಾರು ಕೊಡುತ್ತಾರೆ?

ಟಿಸಿ ಎಂದರೆ ‘ಟ್ರಾನ್ಸ್‌ಪೋರ್ಟರ್ ಕ್ಲಾಸಿಫಿಕೇಶನ್’, ಸಾಗಣೆ ಪ್ರೋಟೀನ್‌ಗಳ ವಿಂಗಡಣೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿಲ್ಟನ್ ಸೈಯರ್ ಮತ್ತು ಅವರ ತಂಡ ಕಟ್ಟಿದ ವ್ಯವಸ್ಥೆ ಇದು. ಅಂತರರಾಷ್ಟ್ರೀಯ ಜೀವರಸಾಯನ ಒಕ್ಕೂಟ 2001ರಲ್ಲಿ ಇದನ್ನು ಒಪ್ಪಿಕೊಂಡಿತು. ಟಿಸಿಡಿಬಿ ಎಂಬ ಜಾಲತಾಣದಲ್ಲಿ ಎಲ್ಲವೂ ಉಚಿತವಾಗಿ ಸಿಗುತ್ತದೆ.

ಪ್ರತಿ ಪ್ರೋಟೀನ್‌ಗೂ ಐದು ಭಾಗದ ಸಂಖ್ಯೆ. ಇ. ಕೋಲಿಯಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಳಗೆ ತರುವ ‘ಲ್ಯಾಕ್‌ವೈ’ ಪ್ರೋಟೀನನ್ನೇ ನೋಡೋಣ. ಅದರ ಸಂಖ್ಯೆ 2.ಎ.1.5.1. ಮೊದಲ 2 ಎಂದರೆ ವರ್ಗ: ಪೊರೆಯ ಎರಡು ಬದಿಯ ಅಯಾನು ಅಥವಾ ಸಾಗಿಸುವ ವಸ್ತುವಿನ ವ್ಯತ್ಯಾಸದಿಂದ ನಡೆಯುವ ಕ್ಯಾರಿಯರ್‌ಗಳು. ‘ಎ’ ಉಪವರ್ಗ. ಮುಂದಿನ 1 ಕುಟುಂಬ, ಅಂದರೆ ಎಂಎಫ್‌ಎಸ್ ಎಂಬ ದೊಡ್ಡ ಮನೆತನ. 5 ಅದರೊಳಗಿನ ಕವಲು: ಲ್ಯಾಕ್ಟೋಸ್‌ನಂಥ ಸಕ್ಕರೆಯನ್ನು ಪ್ರೋಟಾನ್ ಜೊತೆ ಸಾಗಿಸುವವು. ಕೊನೆಯ 1 ಈ ಪ್ರೋಟೀನ್.

ನಮ್ಮಲ್ಲಿ ಜಮೀನು ಪಾಲಾದಾಗ ಸರ್ವೆ ನಂಬರಿನ ಪಕ್ಕ ಹಿಸ್ಸಾ ನಂಬರ್ ಸೇರುತ್ತದಲ್ಲ, ಹಾಗೇ ಇದು. ಪಹಣಿಯಲ್ಲಿ 45/2 ಮತ್ತು 45/3 ಕಂಡರೆ ಎರಡೂ ಒಂದೇ ಜಮೀನಿನಿಂದ ಒಡೆದವು ಎಂದು ಗೊತ್ತಾಗುತ್ತದೆ. ಟಿಸಿ ಸಂಖ್ಯೆಯ ಮೂರನೇ ಭಾಗದಿಂದ ಆಚೆಗೂ ಹೀಗೇ ವಂಶ ಓದಬಹುದು.

ಒಟ್ಟು ಎಷ್ಟು ವರ್ಗಗಳಿವೆ?

1 ಎಂದರೆ ಚಾನೆಲ್ ಮತ್ತು ರಂಧ್ರಗಳು. 2 ಕ್ಯಾರಿಯರ್‌ಗಳು. 3 ನೇರ ಶಕ್ತಿಯಿಂದ ನಡೆಯುವ ಪಂಪ್‌ಗಳು. 4 ಸಾಗಿಸುತ್ತಲೇ ವಸ್ತುವನ್ನು ರಾಸಾಯನಿಕವಾಗಿ ಬದಲಿಸುವವು. ಬ್ಯಾಕ್ಟೀರಿಯಾಗಳು ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸಿ ಒಳಗೆ ಎಳೆದುಕೊಳ್ಳುವ ವ್ಯವಸ್ಥೆ ಇಲ್ಲಿ ಬರುತ್ತದೆ. 5 ಎಲೆಕ್ಟ್ರಾನ್ ದಾಟಿಸುವವು. 6 ಮತ್ತು 7 ಖಾಲಿ: ಮುಂದೆ ಹೊಸ ಬಗೆಯದು ಸಿಕ್ಕರೆ ಇರಲಿ ಎಂದು ಬಿಟ್ಟಿದ್ದಾರೆ. 8 ಸಹಾಯಕ ಪ್ರೋಟೀನ್‌ಗಳು. 9 ಇನ್ನೂ ಪೂರ್ತಿ ಅರ್ಥವಾಗದವು.

ಕಿಣ್ವಗಳಿಗೆ ಇಸಿ ಸಂಖ್ಯೆ ಇದೆಯಲ್ಲ, ಅದನ್ನೇ ಇಲ್ಲೂ ಬಳಸಬಹುದಿತ್ತು ಅಲ್ವಾ?

ಇಸಿ ಸಂಖ್ಯೆ ನೋಡುವುದು ಕಿಣ್ವ ಯಾವ ಕ್ರಿಯೆ ನಡೆಸುತ್ತದೆ ಎಂಬುದನ್ನು ಮಾತ್ರ. ಒಂದೇ ಕ್ರಿಯೆ ನಡೆಸುವ ಎರಡು ಕಿಣ್ವಗಳ ನಡುವೆ ಯಾವ ನಂಟೂ ಇಲ್ಲದಿದ್ದರೂ ಸಂಖ್ಯೆ ಒಂದೇ. ಟಿಸಿ ವ್ಯವಸ್ಥೆ ಕೆಲಸವನ್ನೂ ನೋಡುತ್ತದೆ, ಹುಟ್ಟನ್ನೂ ನೋಡುತ್ತದೆ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಇದೇ. ಸಾಗಣೆ ಪ್ರೋಟೀನ್‌ಗಳಲ್ಲಿ ಒಂದು ಅಮೈನೊ ಆಮ್ಲ ಬದಲಾದರೂ ಸಾಗಿಸುವ ವಸ್ತು ಬದಲಾಗಬಹುದು. ಕೆಲಸವನ್ನೇ ನೆಚ್ಚಿಕೊಂಡು ವಿಂಗಡಿಸಿದರೆ ಅಣ್ಣ ತಮ್ಮಂದಿರು ಬೇರೆ ಬೇರೆ ಪುಟಕ್ಕೆ ಹೋಗುತ್ತಾರೆ, ಸಂಬಂಧವೇ ಇಲ್ಲದವರು ಒಂದೇ ಪುಟದಲ್ಲಿ ಕೂರುತ್ತಾರೆ.

ಹಾಗಾದರೆ ಎಸ್‌ಎಲ್‌ಸಿ ಅಂತ ಬರೆಯುವುದು ಯಾವುದನ್ನು?

ಅದು ಮನುಷ್ಯರ ಕ್ಯಾರಿಯರ್ ಪ್ರೋಟೀನ್‌ಗಳ ಜೀನ್‌ಗಳಿಗೆ ಹೆಸರಿಡುವ ಪದ್ಧತಿ (‘ಸೊಲ್ಯೂಟ್ ಕ್ಯಾರಿಯರ್’). 400ಕ್ಕೂ ಹೆಚ್ಚು ಜೀನ್‌ಗಳು, 60ಕ್ಕೂ ಹೆಚ್ಚು ಕುಟುಂಬಗಳು. ವೈದ್ಯಕೀಯದಲ್ಲಿ ಇದೇ ಜಾಸ್ತಿ ಬಳಕೆಯಲ್ಲಿದೆ. ಆದರೆ ಎಸ್‌ಎಲ್‌ಸಿ1, ಎಸ್‌ಎಲ್‌ಸಿ2 ಎಂದು ಅಕ್ಕಪಕ್ಕ ಸಂಖ್ಯೆ ಇದ್ದ ಮಾತ್ರಕ್ಕೆ ಅವು ನೆಂಟರಲ್ಲ. ಎಸ್‌ಎಲ್‌ಸಿ ಎಂಬುದು ಒಂದು ವಂಶ ಅಂದುಕೊಳ್ಳುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು.

ಗ್ಲೂಕೋಸನ್ನೇ ತೆಗೆದುಕೊಳ್ಳಿ. ನಮ್ಮ ದೇಹದಲ್ಲಿ ಅದನ್ನು ಸಾಗಿಸಲು ಮುಖ್ಯವಾಗಿ ಎರಡು ಬಗೆ ಇವೆ. ಗ್ಲಟ್ ಪ್ರೋಟೀನ್‌ಗಳು ಎಸ್‌ಎಲ್‌ಸಿ2 ಗುಂಪಿನವು. ಮೇಲೆ ಹೇಳಿದ ಲ್ಯಾಕ್‌ವೈಯ ಎಂಎಫ್‌ಎಸ್ ಮನೆತನಕ್ಕೇ ಸೇರಿದವು. ಗ್ಲೂಕೋಸ್ ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಬಿಡುತ್ತವೆ, ಅಷ್ಟೇ. ಇನ್ನೊಂದು ಎಸ್‌ಜಿಎಲ್‌ಟಿ, ಎಸ್‌ಎಲ್‌ಸಿ5 ಗುಂಪಿನದು, ಟಿಸಿಯಲ್ಲಿ 2.ಎ.21. ಇದು ಸೋಡಿಯಂ ಜೊತೆಗೂಡಿ ಗ್ಲೂಕೋಸನ್ನು ಒಳಗೆ ಎಳೆಯುತ್ತದೆ. ಸಕ್ಕರೆ ಒಂದೇ, ವಂಶ ಬೇರೆ ಬೇರೆ.

ಕರುಳಿನ ಎಸ್‌ಜಿಎಲ್‌ಟಿ1 ಒಂದು ಗ್ಲೂಕೋಸಿಗೆ 2 ಸೋಡಿಯಂ ಒಳಗೆ ತರುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೋಡಿಯಾಗಿ ಹೋಗುತ್ತವೆ ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯಲ್ಲಿ ಮುಂದಿಟ್ಟರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ಸಾವು ಗಣನೀಯವಾಗಿ ಇಳಿಯಿತು. ಇವತ್ತಿನ ಓಆರ್‌ಎಸ್ ಪೊಟ್ಟಣದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್ ಇರುತ್ತದೆ. ಗ್ಲೂಕೋಸ್ ಅಲ್ಲಿರುವುದು ಸುಮ್ನೆ ರುಚಿಗಲ್ಲ. ಅದಿಲ್ಲದೆ ಈ ಪ್ರೋಟೀನ್ ಸೋಡಿಯಂ ಸಾಗಿಸುವುದಿಲ್ಲ.

ಎರಡು ಪ್ರೋಟೀನ್‌ಗಳು ಒಂದೇ ವಂಶದವು ಎಂದು ಹೇಗೆ ಹೇಳುತ್ತಾರೆ?

ಅಮೈನೊ ಆಮ್ಲಗಳ ಸರಣಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಹೋಲಿಕೆ ಆಕಸ್ಮಿಕವಾಗಿ ಬರಲು ಸಾಧ್ಯವೇ ಎಂದು ಲೆಕ್ಕ ಹಾಕುತ್ತಾರೆ. ಹತ್ತಿರದ ನೆಂಟರಾದರೆ ಕೆಲಸ ಸುಲಭ. ದೂರದವರಾದರೆ ನೂರರಲ್ಲಿ ಹದಿನೈದು ಅಮೈನೊ ಆಮ್ಲ ಹೊಂದಿದರೆ ಹೆಚ್ಚು. ಆಗ ಕೊಂಡಿ ಹುಡುಕುತ್ತಾರೆ: ‘ಅ’ಗೂ ‘ಬ’ಗೂ ಹೋಲಿಕೆ ಖಚಿತ, ಅದೇ ಭಾಗದಲ್ಲಿ ‘ಬ’ಗೂ ‘ಕ’ಗೂ ಹೋಲಿಕೆ ಖಚಿತ ಎಂದಾದರೆ, ‘ಅ’ ಮತ್ತು ‘ಕ’ ನೇರವಾಗಿ ಹೋಲದಿದ್ದರೂ ಒಂದೇ ಮೂಲದವು.

ಸರಣಿ ಕೈಕೊಟ್ಟಲ್ಲಿ ಆಕಾರ ನೆರವಿಗೆ ಬರುತ್ತದೆ. 2005ರಲ್ಲಿ ಎರಿಕ್ ಗೌವೊ ಅವರ ತಂಡ ‘ಲ್ಯೂಟಿ’ ಎಂಬ ಬ್ಯಾಕ್ಟೀರಿಯಾ ಪ್ರೋಟೀನಿನ ರಚನೆ ಬಿಡಿಸಿತು. ಅದು ಲ್ಯೂಸಿನ್ ಎಂಬ ಅಮೈನೊ ಆಮ್ಲ ಸಾಗಿಸುವಂಥದ್ದು, ಕುಟುಂಬ 2.ಎ.22. ಮೂರು ವರ್ಷಗಳ ನಂತರ ಬ್ಯಾಕ್ಟೀರಿಯಾದ ಎಸ್‌ಜಿಎಲ್‌ಟಿ ರಚನೆ ಬಂತು. ಒಂದು ಅಮೈನೊ ಆಮ್ಲ ಸಾಗಿಸುತ್ತದೆ, ಇನ್ನೊಂದು ಸಕ್ಕರೆ. ಸರಣಿಯಲ್ಲಿ ಹೇಳಿಕೊಳ್ಳುವಂಥ ಹೋಲಿಕೆಯೂ ಇಲ್ಲ. ಆದರೆ ಪ್ರೋಟೀನ್ ಮಡಚಿಕೊಂಡ ಬಗೆ ಒಂದೇ! ಈಗ ಇವೆರಡನ್ನೂ ಎಪಿಸಿ ಎಂಬ ಮಹಾಕುಟುಂಬದಡಿ ತಂದಿದ್ದಾರೆ.

ಇಷ್ಟು ದೊಡ್ಡ ಪ್ರೋಟೀನ್‌ಗಳು ಮೊದಲು ಹೇಗೆ ಹುಟ್ಟಿದವು?

ಸಣ್ಣ ತುಂಡುಗಳು ಇಮ್ಮಡಿಯಾಗಿ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡಿಎನ್‌ಎ ನಕಲಾಗುವಾಗ ಒಮ್ಮೊಮ್ಮೆ ಒಂದು ಜೀನಿನ ತುಂಡು ಎರಡು ಸಲ ಬರೆದುಹೋಗುತ್ತದೆ. ಎರಡು ಪ್ರತಿಗಳೂ ಒಂದೇ ಜೀನಿನಲ್ಲಿ ಬೆಸೆದುಕೊಂಡರೆ ಪ್ರೋಟೀನ್ ಇಮ್ಮಡಿ ಉದ್ದವಾಗುತ್ತದೆ. ಪ್ರೋಟೀನಿನ ಸರಪಳಿ ಸುರುಳಿ ಸುತ್ತಿಕೊಂಡು ಪೊರೆಯನ್ನು ಹಾಯುತ್ತದೆ; ಆ ಸುರುಳಿಗಳ ಸಂಖ್ಯೆಯೂ ಇಮ್ಮಡಿ. ಆಮೇಲೆ ಎರಡು ಅರ್ಧಗಳೂ ತಮ್ಮ ತಮ್ಮ ದಾರಿಯಲ್ಲಿ ಬದಲಾಗುತ್ತಾ ಹೋಗುತ್ತವೆ, ಆದರೆ ಹಳೆಯ ಗುರುತು ಅಳಿಯುವುದಿಲ್ಲ.

ಲ್ಯಾಕ್‌ವೈಯಲ್ಲಿ 417 ಅಮೈನೊ ಆಮ್ಲಗಳು, 12 ಸುರುಳಿಗಳು. 2003ರಲ್ಲಿ ರೊನಾಲ್ಡ್ ಕಬ್ಯಾಕ್ ಮತ್ತು ಸೊ ಇವಾಟ ಅವರ ತಂಡಗಳು ಇದರ ರಚನೆ ಪ್ರಕಟಿಸಿದವು. ಚಿತ್ರ ನೋಡಿದರೆ ಎದ್ದು ಕಾಣುತ್ತದೆ: ಮೊದಲ 6 ಒಂದು ಕಟ್ಟು, ಕೊನೆಯ 6 ಇನ್ನೊಂದು ಕಟ್ಟು, ನಡುವೆ ಸಕ್ಕರೆ ಕೂರುವ ಜಾಗ. ಇನ್ನೂ ಹತ್ತಿರ ಹೋದರೆ ಪ್ರತಿ 6 ಕೂಡ 3 ಮತ್ತು 3. ಇದೇ ಮನೆತನದಲ್ಲಿ 14 ಸುರುಳಿಯವೂ ಇವೆ. ಅಲ್ಲಿ ಎರಡು ಕಟ್ಟುಗಳ ನಡುವೆ 2 ಸುರುಳಿ ಹೊಸದಾಗಿ ಸೇರಿವೆ.

ಮೈಟೊಕಾಂಡ್ರಿಯದ ಕ್ಯಾರಿಯರ್‌ಗಳಲ್ಲಿ ಲೆಕ್ಕ ಬೇರೆ: 2 ಸುರುಳಿಯ ತುಂಡು ಮೂರು ಸಲ ಬಂದು 6 ಆಗಿದೆ. ಪ್ರತಿ ತುಂಡೂ ಸುಮಾರು 100 ಅಮೈನೊ ಆಮ್ಲ ಉದ್ದ.

ಅಯಾನು ಚಾನೆಲ್‌ಗಳಲ್ಲಿ ಒಂದೊಂದು ಹಂತವೂ ಇವತ್ತಿಗೂ ಜೀವಂತವಾಗಿದೆ. 1998ರಲ್ಲಿ ರಾಡ್ ಮೆಕಿನನ್ ರಚನೆ ಬಿಡಿಸಿದ ಕೆಸಿಎಸ್‌ಎ ಎಂಬ ಪೊಟ್ಯಾಸಿಯಂ ಚಾನೆಲ್‌ನಲ್ಲಿ 2 ಸುರುಳಿಯ ನಾಲ್ಕು ಪ್ರೋಟೀನ್‌ಗಳು ಸೇರಿ ಒಂದು ರಂಧ್ರ. ನಮ್ಮ ನರಗಳ ಪೊಟ್ಯಾಸಿಯಂ ಚಾನೆಲ್‌ನಲ್ಲಿ ವೋಲ್ಟೇಜ್ ಗ್ರಹಿಸುವ 4 ಸುರುಳಿ ಹೆಚ್ಚುವರಿಯಾಗಿ ಸೇರಿ 6. ಅಂಥವು ನಾಲ್ಕು ಒಟ್ಟುಗೂಡುತ್ತವೆ. ಟಿಪಿಸಿ ಎಂಬ ಚಾನೆಲ್‌ನಲ್ಲಿ ಈ 6 ಇಮ್ಮಡಿಯಾಗಿ 12, ಎರಡು ಪ್ರೋಟೀನ್ ಸಾಕು. ನರ, ಸ್ನಾಯುಗಳ ಸೋಡಿಯಂ ಮತ್ತು ಕ್ಯಾಲ್ಸಿಯಂ ಚಾನೆಲ್‌ಗಳಲ್ಲಿ 24, ಒಂದೇ ಪ್ರೋಟೀನ್ ಪೂರ್ತಿ ರಂಧ್ರ ಕಟ್ಟುತ್ತದೆ.

ಒಂದು ಅರ್ಧ ತಲೆಕೆಳಗಾಗಿರುತ್ತದೆ ಅಂತಾರೆ. ಅದು ಹೇಗೆ ಸಾಧ್ಯ?

ತುಂಡಿನಲ್ಲಿ ಬೆಸ ಸಂಖ್ಯೆಯ ಸುರುಳಿ ಇದ್ದರೆ ಹಾಗಾಗಲೇಬೇಕು. ಲ್ಯೂಟಿಯ ತಿರುಳಿನಲ್ಲಿ 5 ಮತ್ತು 5 ಸುರುಳಿ ಇವೆ. ಮೊದಲ ತುಂಡು ಒಳಗಿನಿಂದ ಶುರುವಾದರೆ 5 ಸಲ ದಾಟಿ ಹೊರಗೆ ಮುಗಿಯುತ್ತದೆ. ಎರಡನೆಯದು ಹೊರಗಿನಿಂದಲೇ ಶುರುವಾಗಬೇಕು. ನೀರು ಸಾಗಿಸುವ ಅಕ್ವಾಪೋರಿನ್‌ನಲ್ಲೂ 3 ಮತ್ತು 3, ಅಲ್ಲೂ ಇದೇ ಕಥೆ.

ಇದರಿಂದ ದೊಡ್ಡ ಲಾಭವಿದೆ. ಎರಡು ಅರ್ಧಗಳು ಒಂದನ್ನೊಂದು ತಲೆಕೆಳಗು ಮಾಡಿದ ಹಾಗಿದ್ದರೆ, ಒಂದು ಅರ್ಧದ ಭಂಗಿ ಇನ್ನೊಂದಕ್ಕೆ ಬಂದ ಕೂಡಲೇ ಹೊರಗೆ ತೆರೆದ ಪ್ರೋಟೀನ್ ಒಳಗೆ ತೆರೆಯುತ್ತದೆ. ಸರದಿ ತೆರವಿಗೆ ಬೇಕಾದ ಏರ್ಪಾಡು ಹುಟ್ಟಿನಲ್ಲೇ ಬಂದುಬಿಟ್ಟಿದೆ.

ಬೆಸೆಯುವ ಮುಂಚಿನ ಸ್ಥಿತಿ ಹೇಗಿತ್ತು ಎಂದು ನೋಡಲು ಇ. ಕೋಲಿಯ ‘ಎಮ್ಆರ್‌ಇ’ ಇದೆ. ಬರೀ 4 ಸುರುಳಿಯ ಪುಟ್ಟ ಪ್ರೋಟೀನ್. ಒಂದೇ ಜೀನಿನಿಂದ ಬಂದ ಎರಡು ಪ್ರತಿಗಳು, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ ಪೊರೆಯಲ್ಲಿ ಕೂತು ಜೋಡಿಯಾಗುತ್ತವೆ. ಇದನ್ನು ನಂಬಲು ವಿಜ್ಞಾನಿಗಳಿಗೇ ವರ್ಷಗಳ ಕಾಲ ಜಗಳ ಬೇಕಾಯಿತು.

ಚಾನೆಲ್ ಮೊದಲೋ, ಪಂಪ್ ಮೊದಲೋ?

ಸರಳ ಚಾನೆಲ್‌ಗಳು ಮೊದಲು, ಅವುಗಳಿಂದ ಕ್ಯಾರಿಯರ್‌ಗಳು, ಕ್ಯಾರಿಯರ್‌ಗಳಿಗೆ ಎಟಿಪಿ ಬಳಸುವ ಭಾಗ ಅಂಟಿ ಪಂಪ್‌ಗಳು ಎಂಬುದು ಸೈಯರ್ ಅವರ ವಾದ. ಎಲ್ಲ ಕುಟುಂಬಕ್ಕೂ ಇದು ಹೊಂದುತ್ತದೆ ಎನ್ನಲಾಗದು, ಆದರೆ ಎಟಿಪಿ ಬಳಸುವ ಎಬಿಸಿ ಎಂಬ ದೊಡ್ಡ ಮನೆತನದ ಪಂಪ್‌ಗಳಲ್ಲಿ ಗಟ್ಟಿ ಸುಳಿವು ಸಿಗುತ್ತದೆ. ಅವುಗಳ ಎಟಿಪಿ ಭಾಗ ಎಲ್ಲದರಲ್ಲೂ ಒಂದೇ ಮೂಲದ್ದು. ಪೊರೆಯೊಳಗಿನ ಭಾಗಕ್ಕೆ ಮಾತ್ರ ಮೂರು ಬೇರೆ ಬೇರೆ ಮೂಲಗಳು ಎಂದು ಸೈಯರ್ ತಂಡ ತೋರಿಸಿತು. ಒಂದರಲ್ಲಿ 2 ಸುರುಳಿಯ ತುಂಡು ಮೂರು ಸಲ ಬಂದಿದೆ, ಇನ್ನೊಂದರಲ್ಲಿ 3ರ ತುಂಡು ಎರಡು ಸಲ, ಮತ್ತೊಂದರಲ್ಲಿ 4ರ ತುಂಡು ಎರಡು ಸಲ. ಅಂದರೆ ಒಂದೇ ಎಂಜಿನ್ ಬೇರೆ ಬೇರೆ ದಾರಿಗಳಿಗೆ ಜೋಡಣೆಯಾಗಿದೆ.

ಎಬಿಸಿಗಳು ಬ್ಯಾಕ್ಟೀರಿಯಾ, ಆರ್ಕಿಯಾ ಎಂಬ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು, ನಾವು, ಗಿಡ ಮರ, ಎಲ್ಲೆಲ್ಲೂ ಇವೆ. ಹಾಗಾಗಿ ಎಲ್ಲ ಜೀವಿಗಳ ಕೊನೆಯ ಸಮಾನ ಪೂರ್ವಜನಲ್ಲೇ ಇವು ಇದ್ದವು ಎಂದು ಭಾವಿಸಲಾಗಿದೆ. ತಿರುಗುತ್ತಾ ಎಟಿಪಿ ತಯಾರಿಸುವ ಪ್ರೋಟೀನ್‌ಗಳ ವಂಶವೂ ಅಷ್ಟೇ ಹಳೆಯದು.

ಪಂಪಿನ ವಂಶದಲ್ಲಿ ಹುಟ್ಟಿ ಚಾನೆಲ್ ಆದದ್ದು ಇದೆಯೇ?

ಇದೆ, ಸಿಎಫ್‌ಟಿಆರ್. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗಕ್ಕೆ ಕಾರಣವಾದ ಜೀನ್ ಎಂದು 1989ರಲ್ಲಿ ಗುರುತಿಸಿದ್ದು. 1480 ಅಮೈನೊ ಆಮ್ಲಗಳ ಈ ಪ್ರೋಟೀನ್ ಸರಣಿಯಲ್ಲಿ ಪಕ್ಕಾ ಎಬಿಸಿ. ಕೆಲಸದಲ್ಲಿ ಕ್ಲೋರೈಡ್ ಚಾನೆಲ್. ಎಟಿಪಿ ಈಗಲೂ ಬೇಕು, ಬಾಗಿಲು ತೆರೆದು ಮುಚ್ಚಲು ಮಾತ್ರ. ಟಿಸಿಯಲ್ಲಿ ಇದನ್ನು ವಂಶದ ಜೊತೆಗೇ, 3.ಎ.1ರಲ್ಲಿ ಇಟ್ಟಿದ್ದಾರೆ. ಅದೇ ಸರಿ ಎನ್ನುತ್ತೇನೆ ನಾನು. ಅದರ 508ನೇ ಅಮೈನೊ ಆಮ್ಲ ಬಿಟ್ಟುಹೋದರೆ ಪ್ರೋಟೀನ್ ಯಾಕೆ ಸರಿಯಾಗಿ ಮಡಚಿಕೊಳ್ಳುವುದಿಲ್ಲ ಎಂದು ತಿಳಿಯಲು ಅದರ ಎಬಿಸಿ ನೆಂಟರನ್ನೇ ನೋಡಬೇಕು, ಬೇರೆ ಕ್ಲೋರೈಡ್ ಚಾನೆಲ್‌ಗಳನ್ನಲ್ಲ.

ಒಮ್ಮೆ ಕೊಟ್ಟ ಸಂಖ್ಯೆ ಬದಲಾಗುತ್ತದೆಯೇ?

ಅಪರೂಪಕ್ಕೆ. ಸಿಎಲ್‌ಸಿ ಕುಟುಂಬದ ಕಥೆ ಕೇಳಿ. ಎಲ್ಲರೂ ಇದನ್ನು ಕ್ಲೋರೈಡ್ ಚಾನೆಲ್ ಎಂದೇ ಓದಿದ್ದರು, ಸಂಖ್ಯೆ 1.ಎ.11. 2002ರಲ್ಲಿ ಇ. ಕೋಲಿಯ ಸಿಎಲ್‌ಸಿ ರಚನೆ ಬಂದಾಗಲೂ ಚಾನೆಲ್ ಎಂದೇ ವಿವರಿಸಲಾಯಿತು. 2004ರಲ್ಲಿ ಅಲೆಸ್ಸಿಯೊ ಅಕಾರ್ಡಿ ಮತ್ತು ಕ್ರಿಸ್ಟೋಫರ್ ಮಿಲ್ಲರ್ ಅಳೆದು ನೋಡಿದರೆ ಅದು 2 ಕ್ಲೋರೈಡಿಗೆ 1 ಪ್ರೋಟಾನ್ ವಿನಿಮಯ ಮಾಡುವ ಕ್ಯಾರಿಯರ್! ಅದೇ ಹೊತ್ತಿಗೆ, ಕ್ಯಾರಿಯರ್ ಎಂದುಕೊಂಡು 2.ಎ.49 ಎಂಬ ಸಂಖ್ಯೆ ಕೊಟ್ಟಿದ್ದ ಅಮೋನಿಯಾ ಸಾಗಿಸುವ ಎಎಂಟಿ ಕುಟುಂಬದ ರಚನೆ ಚಾನೆಲ್‌ನಂತೆ ಕಂಡಿತು. ಟಿಸಿಡಿಬಿಯಲ್ಲಿ ಎರಡೂ ಅದಲು ಬದಲಾದವು. ಈಗ ಸಿಎಲ್‌ಸಿ 2.ಎ.49, ಎಎಂಟಿ 1.ಎ.11. ಹಳೆಯ ಲೇಖನ ಓದುವಾಗ ಇದು ನೆನಪಿರಲಿ.

ಸಿಎಲ್‌ಸಿಯಲ್ಲಿ ನಿಜವಾದ ಚಾನೆಲ್‌ಗಳೂ ಇವೆ. ನಮ್ಮ ಸ್ನಾಯುವಿನ ಸಿಎಲ್‌ಸಿ-1 ಅಂಥದ್ದು. ಹೀಗೆ ಒಂದೇ ಮನೆತನದಲ್ಲಿ ಎರಡು ಬಗೆಯ ಕೆಲಸ. ಸಂಖ್ಯೆಯ ಮೊದಲ ಅಂಕಿ ತಿದ್ದಬೇಕಾಗಿ ಬಂದರೂ ಕುಟುಂಬ ಒಡೆಯಲಿಲ್ಲ ಎಂಬುದನ್ನು ಗಮನಿಸಿ.

ಔಷಧಿಗಳಿಗೂ ಇದಕ್ಕೂ ಏನು ಸಂಬಂಧ?

ಗ್ಯಾಸ್ಟ್ರಿಕ್ಕಿಗೆ ಕೊಡುವ ಪ್ಯಾಂಟೊಪ್ರಜೋಲ್ ಹೊಟ್ಟೆಯ ಪ್ರೋಟಾನ್-ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ಅದು ಸ್ಕೌ ಕಂಡ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಹತ್ತಿರದ ನೆಂಟ, ಎರಡೂ 3.ಎ.3. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಕಿಡ್ನಿಯ ಎಸ್‌ಜಿಎಲ್‌ಟಿ2 ತಡೆದು ಗ್ಲೂಕೋಸನ್ನು ಮೂತ್ರದಲ್ಲಿ ಹೊರಗೆ ಬಿಡುತ್ತದೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳ ಗುರಿ ಸೆರೊಟೋನಿನ್ ಸಾಗಣೆ ಪ್ರೋಟೀನ್, ಅದು ಲ್ಯೂಟಿಯ ಕುಟುಂಬದ್ದೇ.

ಬ್ಯಾಕ್ಟೀರಿಯಾಗಳು ಆ್ಯಂಟಿಬಯೋಟಿಕ್ಕನ್ನು ಹೊರಗೆ ಎಸೆಯಲು ಬಳಸುವುದೂ ಇಂಥ ಪ್ರೋಟೀನ್‌ಗಳನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರವಿಂದ್ ಪೆನ್ಮತ್ಸ ಅವರ ತಂಡ ಸ್ಟ್ಯಾಫಿಲೊಕಾಕಸ್‌ನ ‘ನಾರ್‌ಸಿ’ ಎಂಬ 14 ಸುರುಳಿಯ ಎಂಎಫ್‌ಎಸ್ ಪ್ರೋಟೀನಿನ ರಚನೆಯನ್ನು, ಒಂಟೆಯಿಂದ ಪಡೆದ ಪುಟ್ಟ ಪ್ರತಿಕಾಯ ಅದಕ್ಕೆ ಅಂಟಿಕೊಂಡ ಸ್ಥಿತಿಯಲ್ಲಿ ಬಿಡಿಸಿದೆ.

ಕೃಷಿಗೆ ಏನಾದರೂ ಉಪಯೋಗ ಇದೆಯೇ?

ಭತ್ತದ ದುಂಡಾಣು ಅಂಗಮಾರಿ ರೋಗ ಇದಕ್ಕೆ ಒಳ್ಳೆಯ ಉದಾಹರಣೆ. ಗಿಡಗಳಲ್ಲಿ ‘ಸ್ವೀಟ್’ ಎಂಬ ಸಕ್ಕರೆ ಕ್ಯಾರಿಯರ್‌ಗಳಿವೆ, 2010ರಲ್ಲಿ ಗುರುತಿಸಿದ್ದು. 7 ಸುರುಳಿ: 3, ನಡುವೆ ಕೊಂಡಿಯಾಗಿ 1, ಮತ್ತೆ 3. ಬ್ಯಾಕ್ಟೀರಿಯಾಗಳಲ್ಲಿ ಇದರ ಅರ್ಧ ಮಾತ್ರ ಇದೆ, 3 ಸುರುಳಿಯ ‘ಸೆಮಿಸ್ವೀಟ್’. ಎರಡು ಸೇರಿ ಕೆಲಸ ಮಾಡುತ್ತವೆ.

ರೋಗದ ದುಂಡಾಣು ತನ್ನ ಒಂದು ಪ್ರೋಟೀನನ್ನು ಭತ್ತದ ಕೋಶಕ್ಕೆ ಚುಚ್ಚುತ್ತದೆ. ಅದು ಸ್ವೀಟ್ ಜೀನಿನ ಮುಂಭಾಗದಲ್ಲಿ ಕೂತು ಜೀನನ್ನು ಚಾಲೂ ಮಾಡುತ್ತದೆ. ಕೋಶದ ಸಕ್ಕರೆ ಹೊರಗೆ ಸೋರಿ ದುಂಡಾಣುವಿಗೆ ಊಟವಾಗುತ್ತದೆ. ‘ಎಕ್ಸ್‌ಎ13’ ಎಂಬ ನಿರೋಧಕ ಗುಣವಿರುವ ತಳಿಗಳಲ್ಲಿ ಆ ಮುಂಭಾಗ ಬದಲಾಗಿರುತ್ತದೆ, ದುಂಡಾಣುವಿನ ಪ್ರೋಟೀನಿಗೆ ಕೂರಲು ಜಾಗ ಸಿಗದು. ಹೈದರಾಬಾದಿನ ಸಂಸ್ಥೆಗಳು ರೂಪಿಸಿದ ಸುಧಾರಿತ ಸಾಂಬಾ ಮಸೂರಿ ತಳಿಯಲ್ಲಿ ಈ ಗುಣವೂ ಸೇರಿದಂತೆ ಮೂರು ನಿರೋಧಕ ಜೀನ್‌ಗಳಿವೆ. ಅದರ ಮೂಲ ತಳಿ ಬಿಪಿಟಿ 5204 ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಹೊಸದಲ್ಲ.

ನನ್ನ ಹತ್ತಿರ ಒಂದು ಪ್ರೋಟೀನ್ ಸರಣಿ ಇದೆ. ಎಲ್ಲಿಂದ ಶುರು ಮಾಡಲಿ?

ಟಿಸಿಡಿಬಿಯಲ್ಲಿ ಸರಣಿಗಳನ್ನು ಹೋಲಿಸುವ ‘ಬ್ಲಾಸ್ಟ್’ ಪುಟದಲ್ಲಿ ಸರಣಿ ಹಾಕಿ. ಹತ್ತಿರದ ಕುಟುಂಬ ಯಾವುದು ನೋಡಿ. ಹೋಲಿಕೆ ಪ್ರೋಟೀನಿನ ಉದ್ದಕ್ಕೂ ಇದೆಯೋ, ಒಂದು ತುದಿಯಲ್ಲಿ ಮಾತ್ರವೋ ಗಮನಿಸಿ; ಪೊರೆಯ ಸುರುಳಿಗಳು ಬಿಟ್ಟು ಬರೀ ಎಟಿಪಿ ಭಾಗ ಹೊಂದಿದ್ದರೆ ಆತುರ ಬೇಡ. ಸುರುಳಿಗಳನ್ನು ಎಣಿಸಿ, ಕುಟುಂಬದ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ನೋಡಿ. ಸರಣಿಯಿಂದ ರಚನೆ ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶ ಕೊಟ್ಟ ರಚನೆ ಸಿಕ್ಕರೆ ಅದನ್ನೂ ಹೋಲಿಸಿ. ಕುಟುಂಬ ಇಷ್ಟರಲ್ಲೇ ಗೊತ್ತಾಗುತ್ತದೆ. ಅದು ಏನನ್ನು ಸಾಗಿಸುತ್ತದೆ ಎಂಬುದು ಮಾತ್ರ ಕಂಪ್ಯೂಟರಿನಿಂದ ಖಚಿತವಾಗುವುದಿಲ್ಲ, ಪ್ರಯೋಗಾಲಯದಲ್ಲಿ ಅಳೆದೇ ನೋಡಬೇಕು.